ಡ್ರೈಯರಿನ ಹಳೆಯ ಮೋಟಾರು: ರಿಪೇರಿಯೋ, ಹೊಸದೋ?

ಅಡಿಕೆ ಕೊಯ್ಲು, ಅದರ ಬೆನ್ನಿಗೆ ಕಾಫಿ ಕೊಯ್ಲು ಬರುವ ವೇಳೆಗೆ ಮಳೆ ಬಿಟ್ಟು ಬಿಸಿಲು ಕಾಣುತ್ತದೆಂಬ ಭರವಸೆ ಈಗ ಮಲೆನಾಡಿನಲ್ಲಿ ಯಾರಿಗೂ ಉಳಿದಿಲ್ಲ. 2021ರ ಜನವರಿ ಮೊದಲ ವಾರದಲ್ಲಿ ಕೊಡಗು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಬಿದ್ದ ಅಕಾಲ ಮಳೆ ಗಿಡದಲ್ಲಿದ್ದ ಹಣ್ಣನ್ನು ಉದುರಿಸಿ, ಕಣದಲ್ಲಿದ್ದ ಕಾಫಿಯನ್ನು ನೆನೆಸಿದ್ದು ಸದಸ್ಯರಿಗೆಲ್ಲ ನೆನಪಿದೆ. ಅದೇ ವರ್ಷದ ನವೆಂಬರ್ ತಿಂಗಳೂ ಮಳೆಯಲ್ಲೇ ಕಳೆಯಿತು. ಬಿಸಿಗಾಳಿಯ ಡ್ರೈಯರು ಸಣ್ಣ ಹಿಡುವಳಿದಾರರ ಹಿತ್ತಲಿಗೂ ಬಂದಿರುವುದು ಇಂಥ ಕಾಲಗಳಿಂದಾಗಿಯೇ.

ಡ್ರೈಯರಿನ ಒಲೆ, ತಗಡು, ತಟ್ಟೆಗಳನ್ನು ಊರಿನ ವೆಲ್ಡಿಂಗ್ ಅಂಗಡಿಯವರು ಒಂದು ದಿನದಲ್ಲಿ ಸರಿಮಾಡಿಕೊಟ್ಟಾರು. ಆದರೆ ಗಾಳಿ ತಳ್ಳುವ ಫ್ಯಾನಿನ ಮೋಟಾರು ಸುಟ್ಟರೆ, ಅದು ವೈಂಡಿಂಗ್ ಆಗಿ ಬರುವುದರೊಳಗೆ ಬೇಯಿಸಿದ ಅಡಿಕೆಗೆ ಬೂಸ್ಟು ಹಿಡಿದಿರುತ್ತದೆ, ಪಲ್ಪ್ ಮಾಡಿದ ಕಾಫಿ ಹುಳಿಯ ವಾಸನೆ ಬಿಟ್ಟಿರುತ್ತದೆ. ವರ್ಷದ ದುಡಿಮೆ ನಿಂತಿರುವುದು ಎರಡು ಅಶ್ವಶಕ್ತಿಯ ಒಂದು ಮೋಟಾರಿನ ಮೇಲೆ. ಈ ಮೋಟಾರುಗಳಲ್ಲಿ ಹೆಚ್ಚಿನವು ಬಹಳ ಹಳೆಯವು. ಇವನ್ನು ರಿಪೇರಿ ಮಾಡಿಸುತ್ತಾ ಹೋಗುವುದೋ, ಹೊಸದು ಕೊಳ್ಳುವುದೋ ಎಂಬ ಪ್ರಶ್ನೆ ನಮ್ಮ ಸಂಘದ ಕಛೇರಿಗೆ ಪ್ರತಿ ವರ್ಷವೂ ಬರುತ್ತದೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಮೋಟಾರನ್ನು ವಯಸ್ಸು ನೋಡಿ ಎಸೆಯಬೇಕಾದ್ದಿಲ್ಲ. ಸುಟ್ಟಾಗಲೆಲ್ಲ ಕಾರಣ ನೋಡದೆ ವೈಂಡಿಂಗ್ ಮಾಡಿಸುವುದೂ ಸರಿಯಲ್ಲ. ಕೊಯ್ಲಿಗೆ ಒಂದು ತಿಂಗಳು ಮುಂಚೆ ಪರೀಕ್ಷಿಸಿ, ದೋಷ ಎಲ್ಲಿದೆ ಎಂದು ತಿಳಿದು, ಆಮೇಲೆ ತೀರ್ಮಾನಿಸತಕ್ಕದ್ದು. ಅರ್ಧರಾತ್ರಿಯಲ್ಲಿ ಹೊಗೆ ಕಂಡಮೇಲೆ ಮಾಡುವ ತೀರ್ಮಾನ ಯಾವಾಗಲೂ ದುಬಾರಿ.

ಒಣಗಿಸುವುದು ಗಾಳಿ, ಬೆಂಕಿಯಲ್ಲ

ಒಲೆಯ ಕೆಲಸ ಗಾಳಿಯನ್ನು ಕಾಯಿಸುವುದು ಮಾತ್ರ. ಅಡಿಕೆಯ ಅಥವಾ ಕಾಫಿಯ ನೀರನ್ನು ಹೊತ್ತುಕೊಂಡು ಹೊರಗೆ ಹೋಗುವುದು ಗಾಳಿ. ಫ್ಯಾನು ನಿಧಾನವಾದರೆ ಒದ್ದೆಗಾಳಿ ಒಳಗೇ ನಿಲ್ಲುತ್ತದೆ. ಆಗ ಒಣಗಲಿಲ್ಲವೆಂದು ಇನ್ನಷ್ಟು ಸೌದೆ ಒಟ್ಟುತ್ತೇವೆ. ಕೆಳಗಿನ ತಟ್ಟೆಯ ಮಾಲು ಹೊರಗೆ ಗಟ್ಟಿಯಾಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ, ಮೇಲಿನ ತಟ್ಟೆಯದು ಬೆವರುತ್ತದೆ. ಆದುದರಿಂದ ಸೌದೆಯ ಖರ್ಚು ಹೆಚ್ಚಾಗಿ ಒಣಗುವುದು ತಡವಾದರೆ ಮೊದಲು ನೋಡಬೇಕಾದ್ದು ಫ್ಯಾನನ್ನು.

ಇಲ್ಲಿ ಒಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಬಸವನಹುಳುವಿನ ಚಿಪ್ಪಿನ ಆಕಾರದ ಬ್ಲೋಯರು ಹಿಂದುಮುಂದಾಗಿ ತಿರುಗಿದರೂ ಗಾಳಿಯನ್ನು ಅದೇ ಬಾಯಿಯಿಂದಲೇ ತಳ್ಳುತ್ತದೆ; ಆದರೆ ಗಾಳಿ ಬಹಳ ಕಡಿಮೆ. ಲೈನಿನ ಕೆಲಸ ಆದಮೇಲೆ ಎರಡು ಫೇಸು ಅದಲುಬದಲಾಗಿದ್ದರೆ ಹೀಗಾಗುತ್ತದೆ. ಗಾಳಿ ಬರುತ್ತಿದೆಯಲ್ಲಾ ಎಂದು ನಾವು ಸುಮ್ಮನಿರುತ್ತೇವೆ. ಬ್ಲೋಯರಿನ ಮೈಮೇಲೆ ತಿರುಗಬೇಕಾದ ದಿಕ್ಕಿನ ಬಾಣವನ್ನು ಬಣ್ಣದಲ್ಲಿ ಬರೆದಿಟ್ಟು, ಕೊಯ್ಲಿನ ಮೊದಲ ದಿನ ನೋಡಿಕೊಳ್ಳಿ. ತಪ್ಪಿದ್ದರೆ ಯಾವುದಾದರೂ ಎರಡು ಫೇಸಿನ ತಂತಿ ಬದಲಿಸಿದರೆ ಸಾಕು. ಸಾದಾ ರೆಕ್ಕೆಯ ಫ್ಯಾನಾದರೆ ಗಾಳಿಯೇ ಹಿಮ್ಮುಖವಾಗುವುದರಿಂದ ತಕ್ಷಣ ತಿಳಿಯುತ್ತದೆ.

ಮೋಟಾರು ಮುದಿಯಾಗುವ ಬಗೆ

ಮೋಟಾರಿನಲ್ಲಿ ಸವೆಯುವ ಭಾಗಗಳು ಹೆಚ್ಚಿಲ್ಲ. ಬೇರಿಂಗು, ವೈಂಡಿಂಗಿನ ಇನ್ಸುಲೇಷನ್, ಸಿಂಗಲ್ ಫೇಸಿನದಾದರೆ ಕಂಡೆನ್ಸರು, ಇವಿಷ್ಟೇ. ಕಬ್ಬಿಣದ ಮೈ, ಷಾಫ್ಟು, ತಗಡಿನ ಪದರಗಳು ಸಾಧಾರಣವಾಗಿ ನಮಗಿಂತ ಹೆಚ್ಚು ಕಾಲ ಬಾಳುತ್ತವೆ.

ಬೇರಿಂಗಿಗೆ ಶತ್ರುಗಳು ಶಾಖ, ಧೂಳು ಮತ್ತು ಬಿಗಿಯಾದ ಬೆಲ್ಟು. ಬ್ಲೋಯರು ತಣ್ಣನೆಯ ಗಾಳಿಯನ್ನು ಎಳೆದು ಒಲೆಯ ಕೊಳವೆಗಳತ್ತ ತಳ್ಳುವ ಡ್ರೈಯರುಗಳಲ್ಲಿ ಮೋಟಾರು ತಂಪಾಗಿರುತ್ತದೆ. ಬಿಸಿಗಾಳಿಯೇ ಫ್ಯಾನಿನ ಮೂಲಕ ಹಾಯುವಂತಿದ್ದು, ಫ್ಯಾನು ನೇರವಾಗಿ ಮೋಟಾರಿನ ಷಾಫ್ಟಿಗೇ ಕೂತಿದ್ದರೆ, ಷಾಫ್ಟಿನ ಮೂಲಕ ಶಾಖ ಬೇರಿಂಗಿಗೆ ಇಳಿದು ಗ್ರೀಸು ಒಣಗುತ್ತದೆ. ಒಲೆಯಲ್ಲಿ ಕೆಂಡವಿರುವಾಗಲೇ ಫ್ಯಾನು ನಿಲ್ಲಿಸುವ ಅಭ್ಯಾಸ ಇನ್ನೂ ಕೆಟ್ಟದ್ದು. ಬೆಂಕಿ ತೆಗೆದಮೇಲೆ ಅರ್ಧ ಗಂಟೆಯಾದರೂ ಫ್ಯಾನು ಓಡಬೇಕು.

ಬೆಲ್ಟನ್ನು ಎರಡು ಪುಲ್ಲಿಗಳ ನಡುಮಧ್ಯದಲ್ಲಿ ಹೆಬ್ಬೆರಳಿನಿಂದ ಒತ್ತಿದರೆ, ಎರಡು ಅಡಿ ಅಂತರಕ್ಕೆ ಸುಮಾರು ಒಂದು ಸೆಂಟಿಮೀಟರ್ ತಗ್ಗಬೇಕು. ತಂತಿಯಂತೆ ಬಿಗಿದರೆ ಬೆಲ್ಟು ಜಾರುವುದಿಲ್ಲ, ನಿಜ. ಆದರೆ ಬೇರಿಂಗು ಆ ವರ್ಷವೇ ಹೋಗುತ್ತದೆ. ಫ್ಯಾನಿನ ರೆಕ್ಕೆಗೆ ಹಿಡಿದ ಧೂಳು, ಅಡಿಕೆಯ ನಾರು ಸಹ ತೂಕ ತಪ್ಪಿಸಿ ನಡುಕ ಹುಟ್ಟಿಸಿ ಬೇರಿಂಗನ್ನು ತಿನ್ನುತ್ತದೆ.

ಇನ್ಸುಲೇಷನ್ನಿಗೆ ಶತ್ರು ಶಾಖ ಮತ್ತು ತೇವ. ವೈಂಡಿಂಗಿನ ಶಾಖ ಮಿತಿಗಿಂತ 10 ಡಿಗ್ರಿ ಹೆಚ್ಚಿದರೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆಂಬುದು ಎಂಜಿನಿಯರುಗಳು ಬಹುಕಾಲದಿಂದ ಬಳಸುವ ಲೆಕ್ಕ. ಮಲೆನಾಡಿನಲ್ಲಿ ತೇವದ ಕಾಟ ಇನ್ನೊಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮ್ಮನೆ ಕೂತ ಮೋಟಾರು ತೇವ ಹೀರಿಕೊಳ್ಳುತ್ತದೆ. ಕುಂಬಾರ ಹುಳು ಅದರ ಹಿಂದಿನ ಮುಚ್ಚಳದಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ, ಇಲಿ ತಂತಿ ಕಡಿಯುತ್ತದೆ. ಇದನ್ನೊಂದನ್ನೂ ನೋಡದೆ ಕೊಯ್ಲಿನ ದಿನ ಸ್ವಿಚ್ಚು ಹಾಕಿದರೆ ವೈಂಡಿಂಗು ಹೋಗುವುದರಲ್ಲಿ ಆಶ್ಚರ್ಯವಿಲ್ಲ.

ಸುಟ್ಟ ವೈಂಡಿಂಗು ಹೇಳುವ ಕಥೆ

ಮೋಟಾರು ಸುಟ್ಟರೆ ವೈಂಡಿಂಗ್ ಅಂಗಡಿಯವರು ಹಳೆಯ ತಂತಿ ಕತ್ತರಿಸುವ ಮೊದಲು ಒಮ್ಮೆ ಒಳಗೆ ನೋಡುವುದು ಅವಶ್ಯ. ಮೂರು ಫೇಸಿನ ಸುರುಳಿಗಳೂ ಒಂದೇ ಸಮನೆ ಕಪ್ಪಾಗಿದ್ದರೆ ಹೊರೆ ಹೆಚ್ಚಾಗಿದೆ, ವೋಲ್ಟೇಜು ತಗ್ಗಿದೆ ಅಥವಾ ಮೋಟಾರಿಗೆ ಗಾಳಿ ಸಾಲದಾಗಿದೆ. ಕೆಲವು ಸುರುಳಿಗಳು ಕರಿದಾಗಿ, ಉಳಿದವು ಹೊಸದರಂತೆ ಹೊಳೆಯುತ್ತಿದ್ದರೆ ಒಂದು ಫೇಸು ಕೈಕೊಟ್ಟಿದೆ ಎಂದರ್ಥ. ಸ್ಟಾರ್ ಜೋಡಣೆಯಲ್ಲಿ ಎರಡು ಫೇಸಿನ ಸುರುಳಿಗಳೂ, ಡೆಲ್ಟಾ ಜೋಡಣೆಯಲ್ಲಿ ಒಂದು ಫೇಸಿನ ಸುರುಳಿಗಳೂ ಸುಡುತ್ತವೆ. ಸುಟ್ಟ ಕಲೆ ಒಂದೇ ಜಾಗದಲ್ಲಿದ್ದರೆ ತೇವವೋ, ತಂತಿಯ ಗಾಯವೋ ಕಾರಣ.

ನಮ್ಮ ಕಡೆ ಹೆಚ್ಚಾಗಿ ಕಾಣುವುದು ಎರಡನೆಯದು. ಕಂಬದಲ್ಲಿ ಒಂದು ಫ್ಯೂಸು ಹೋದರೂ ಓಡುತ್ತಿದ್ದ ಮೋಟಾರು ನಿಲ್ಲುವುದಿಲ್ಲ. ಉಳಿದ ಎರಡು ಫೇಸಿನಿಂದ ಸುಮಾರು ಒಂದೂಮುಕ್ಕಾಲು ಪಟ್ಟು ಕರೆಂಟು ಎಳೆಯುತ್ತಾ ಗುಂಯ್ ಎಂದು ತಿರುಗುತ್ತದೆ. ಹೊಲಗಳಲ್ಲಿ ಎರಡು ಫೇಸು ಬಂದಾಗ ಕಂಡೆನ್ಸರು ಸೇರಿಸಿ ಪಂಪು ಓಡಿಸುವ ರೂಢಿಯಿದೆ. ಪಂಪಿಗೇ ಅದು ಹಿತವಲ್ಲ. ಹಗಲೂರಾತ್ರಿ ಓಡಬೇಕಾದ ಡ್ರೈಯರಿಗೆ ಖಂಡಿತ ಸಲ್ಲದು. ಒಂದು ಫೇಸು ತಪ್ಪಿದಾಗ ತಾನಾಗಿ ನಿಲ್ಲಿಸುವ ಪ್ರಿವೆಂಟರ್ ಮತ್ತು ಸರಿಯಾಗಿ ಹೊಂದಿಸಿದ ಓವರ್‌ಲೋಡ್ ರಿಲೇ ಇಲ್ಲದ ಸ್ಟಾರ್ಟರಿಗೆ ಹೊಸ ಮೋಟಾರು ಜೋಡಿಸಿದರೆ, ಹಳೆಯದರ ಗತಿಯೇ ಹೊಸದಕ್ಕೂ ಬರುತ್ತದೆ. ರಿಲೇಯನ್ನು ನೇಮ್‌ಪ್ಲೇಟಿನಲ್ಲಿ ಬರೆದ ಆಂಪಿಯರಿಗೆ ಇಡತಕ್ಕದ್ದು. ಪದೇಪದೇ ಟ್ರಿಪ್ ಆಗುತ್ತದೆಂದು ತಿರುಪು ತಿರುಗಿಸಿ ಹೆಚ್ಚಿಗೆ ಇಡುವುದು, ನಾಯಿ ಬೊಗಳುತ್ತದೆಂದು ಅದರ ಬಾಯಿ ಕಟ್ಟಿ ಮಲಗಿದಂತೆ.

ಕೊಯ್ಲಿಗೆ ಮುಂಚಿನ ತಪಾಸಣೆ

ಮುಖ್ಯ ಸ್ವಿಚ್ಚು ತೆಗೆದು, ಫ್ಯೂಸು ಕಳಚಿ ಜೇಬಿನಲ್ಲಿಟ್ಟುಕೊಂಡ ಮೇಲೆಯೇ ಮೋಟಾರನ್ನು ಮುಟ್ಟಬೇಕು. ಸಿಂಗಲ್ ಫೇಸಿನ ಕಂಡೆನ್ಸರು ಸ್ವಿಚ್ಚು ತೆಗೆದ ಮೇಲೂ ಷಾಕ್ ಹೊಡೆಯಬಲ್ಲದು. ಅದನ್ನು ಎಲೆಕ್ಟ್ರಿಷಿಯನ್ ಖಾಲಿಮಾಡಿದ ಮೇಲೆಯೇ ಕೈಹಾಕತಕ್ಕದ್ದು.

ಮೊದಲು ಬೆಲ್ಟು ಕಳಚಿ ಷಾಫ್ಟನ್ನು ಕೈಯಿಂದ ತಿರುಗಿಸಿ. ನುಣುಪಾಗಿ ತಿರುಗಿ ತಾನಾಗಿ ನಿಲ್ಲಬೇಕು. ಕರಕರ ಸದ್ದು, ಅಲ್ಲಲ್ಲಿ ಹಿಡಿಯುವುದು, ಮೇಲೆ ಕೆಳಗೆ ಅಲುಗಾಟ ಕಂಡರೆ ಬೇರಿಂಗು ಬದಲಿಸುವ ಕಾಲ ಬಂದಿದೆ.

ಎರಡನೆಯದಾಗಿ 500 ವೋಲ್ಟಿನ ಮೆಗ್ಗರಿನಿಂದ ವೈಂಡಿಂಗಿಗೂ ಮೈಗೂ ನಡುವಿನ ಇನ್ಸುಲೇಷನ್ ಅಳೆಯಿಸಿ. 1 ಮೆಗಾಓಮಿಗಿಂತ ಕಡಿಮೆ ಇದ್ದರೆ ಕರೆಂಟು ಕೊಡಲೇಬಾರದು. ಹಾಗೆಂದು ವೈಂಡಿಂಗು ಸತ್ತಿದೆ ಎಂದಲ್ಲ. ಎರಡು-ಮೂರು ದಿನ ಬಿಸಿಲಿಗಿಟ್ಟರೆ, ಅಥವಾ ಪೆಟ್ಟಿಗೆಯೊಳಗೆ ಹಳೆಯ ಮಾದರಿಯ 100 ವಾಟಿನ ಬಲ್ಬು ಉರಿಸಿ ಅದರ ಕಾವಿನಲ್ಲಿಟ್ಟರೆ ಅನೇಕ ಸಲ ಅಳತೆ ತಾನಾಗಿ ಏರುತ್ತದೆ. ಒಣಗಿಸಿದರೂ ಏರದಿದ್ದರೆ ಇನ್ಸುಲೇಷನ್ ಮುಗಿದಿದೆ ಎಂದು ತಿಳಿಯಬಹುದು. ಚೆನ್ನಾಗಿರುವ ಮೋಟಾರಿನಲ್ಲಿ ಇದು ಹತ್ತಾರು ಮೆಗಾಓಮ್ ಇರುತ್ತದೆ.

ಮೂರನೆಯದು ಓಡುವಾಗಿನ ಕರೆಂಟು. ಕ್ಲಾಂಪ್ ಮೀಟರಿನಿಂದ ಮೂರು ಫೇಸುಗಳನ್ನೂ ಅಳೆಯಬೇಕು. 415 ವೋಲ್ಟಿನ 2 ಅಶ್ವಶಕ್ತಿಯ ಮೋಟಾರಿಗೆ ಪೂರ್ಣ ಹೊರೆಯಲ್ಲಿ ಸಾಧಾರಣವಾಗಿ 3ರಿಂದ 3.5 ಆಂಪಿಯರ್, ಆದರೆ ನೇಮ್‌ಪ್ಲೇಟಿನ ಅಂಕೆಯೇ ಪ್ರಮಾಣ. ಫೇಸು ಫೇಸಿಗೆ ಶೇಕಡಾ 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮೊದಲು ಲೈನಿನ ವೋಲ್ಟೇಜು ಅಳೆಯಿಸಿ. ವೋಲ್ಟೇಜಿನ ಸಣ್ಣ ಅಸಮತೆ ಕರೆಂಟಿನಲ್ಲಿ ಹಲವು ಪಟ್ಟಾಗಿ ಕಾಣಿಸುತ್ತದೆ.

ಖಾಲಿ ಡ್ರೈಯರಿನಲ್ಲಿ ಬ್ಲೋಯರಿಗೆ ಹೊರೆ ಕಡಿಮೆ ಎಂದು ಹಲವರು ಭಾವಿಸಿದ್ದಾರೆ. ಆಗುವುದು ಅದಕ್ಕೆ ವಿರುದ್ಧ. ತಟ್ಟೆ ಖಾಲಿಯಿದ್ದು ಬಾಗಿಲು ತೆರೆದಿದ್ದರೆ ಬ್ಲೋಯರು ಹೆಚ್ಚು ಗಾಳಿ ಸಾಗಿಸುತ್ತದೆ, ಹೆಚ್ಚು ಕರೆಂಟು ಎಳೆಯುತ್ತದೆ. ಬೆಳಗಿನ ತಣ್ಣನೆಯ ಗಾಳಿ ತೂಕವಾದ್ದರಿಂದ ಆಗಲೂ ಹೊರೆ ಹೆಚ್ಚು. ಆದುದರಿಂದ ಕರೆಂಟನ್ನು ಬೆಳಿಗ್ಗೆ, ಖಾಲಿ ಡ್ರೈಯರಿನಲ್ಲಿ ಅಳೆದು ಸ್ಟಾರ್ಟರಿನ ಮುಚ್ಚಳದ ಒಳಮೈಯಲ್ಲಿ ದಿನಾಂಕದೊಂದಿಗೆ ಬರೆದಿಡಿ. ಮುಂದಿನ ವರ್ಷ ಅದೇ ನಿಮ್ಮ ಸಾಕ್ಷಿ.

ಮೈ ಮುಟ್ಟಿ ಬಿಸಿ ನೋಡುವ ಪದ್ಧತಿಯನ್ನು ಪೂರ್ತಿ ನಂಬಬಾರದು. ಈಗಿನ ಮೋಟಾರುಗಳಲ್ಲಿ 155 ಡಿಗ್ರಿವರೆಗೆ ತಡೆಯುವ ‘ಎಫ್’ ದರ್ಜೆಯ ಇನ್ಸುಲೇಷನ್ ಸಾಮಾನ್ಯ. ಅವುಗಳ ಮೈ ಕೈಯಿಡಲಾಗದಷ್ಟು ಬಿಸಿಯಿದ್ದೂ ಆರೋಗ್ಯವಾಗಿರಬಹುದು. ಕಳೆದ ವರ್ಷಕ್ಕಿಂತ ಬಿಸಿ ಹೆಚ್ಚಿದೆಯೇ, ವಾರ್ನಿಷಿನ ವಾಸನೆ ಬರುತ್ತಿದೆಯೇ ಎಂಬುದು ಮುಖ್ಯ. ಮಳೆಯ ಹನಿ ಬೀಳುತ್ತದೆಂದು ಓಡುವ ಮೋಟಾರಿಗೆ ಗೋಣಿಚೀಲ ಹೊದಿಸಬೇಡಿ. ಮೇಲೊಂದು ತಗಡಿನ ಸೂರು ಮಾಡಿ, ಹಿಂಬದಿ ಒಂದು ಗೇಣು ಜಾಗ ಬಿಡಿ.

ರಿಪೇರಿ ಸಾಕಾಗುವ ಸಂದರ್ಭಗಳು

ಸಿಂಗಲ್ ಫೇಸಿನ ಮೋಟಾರು ಸ್ವಿಚ್ಚು ಹಾಕಿದಾಗ ಗುಂಯ್‌ಗುಟ್ಟಿ ತಿರುಗದಿದ್ದರೆ ತಕ್ಷಣ ಸ್ವಿಚ್ಚು ತೆಗೆಯಿರಿ. ಕರೆಂಟಿಲ್ಲದಾಗ ಕೈಯಲ್ಲಿ ಸಲೀಸಾಗಿ ತಿರುಗುವುದಾದರೆ ಮೊದಲ ಅನುಮಾನ ಕಂಡೆನ್ಸರಿನ ಮೇಲೆ. ಇದು ಅಗ್ಗದ ಭಾಗ, ಅರ್ಧ ಗಂಟೆಯ ಕೆಲಸ. ಹಳೆಯದರ ಮೇಲೆ ಬರೆದಷ್ಟೇ ಮೈಕ್ರೋಫ್ಯಾರಡಿನದನ್ನು ಹಾಕಿಸಿ. ದೊಡ್ಡದು ಹಾಕಿದರೆ ಬಲ ಹೆಚ್ಚುತ್ತದೆಂಬುದು ತಪ್ಪು. ಓಡುವಾಗಲೂ ಕೆಲಸ ಮಾಡುವ ಕಂಡೆನ್ಸರು ಹೆಚ್ಚಾದರೆ ವೈಂಡಿಂಗು ಕಾಯುತ್ತದೆ.

ಬೇರಿಂಗೂ ಅಷ್ಟೇ. ಅದರ ಮೇಲಿನ ಸಂಖ್ಯೆಯನ್ನು ಬರೆದುಕೊಂಡು ಹೋಗಿ. 6205 ಎಂದಿದ್ದರೆ ಕೊನೆಯ ಎರಡು ಅಂಕೆ 05ನ್ನು 5ರಿಂದ ಗುಣಿಸಿದರೆ ಒಳವ್ಯಾಸ 25 ಮಿಲಿಮೀಟರ್. 6204 ಆದರೆ 20. ಎರಡೂ ಬದಿಯವನ್ನು ಒಟ್ಟಿಗೇ ಬದಲಿಸುವುದು ಒಳ್ಳೆಯದು. ಸುತ್ತಿಗೆಯಿಂದ ಹೊರಬಳೆಗೆ ಹೊಡೆದು ಕೂರಿಸಿದ ಬೇರಿಂಗು ಕೂರಿಸುವಾಗಲೇ ಗಾಯಗೊಂಡಿರುತ್ತದೆ. ಎರಡೂ ಕಡೆ ತಗಡು ಮುಚ್ಚಿದ ಬೇರಿಂಗಿಗೆ ಗ್ರೀಸು ತುಂಬುವ ಪ್ರಮೇಯವಿಲ್ಲ. ನಿಪ್ಪಲ್ ಇರುವ ಹಳೆಯ ಮೋಟಾರಿಗೂ ಅತಿಯಾಗಿ ತುಂಬಿದರೆ ಗ್ರೀಸು ವೈಂಡಿಂಗಿಗೆ ನುಗ್ಗುತ್ತದೆ.

ವೈಂಡಿಂಗು ಒಮ್ಮೆ ಹೋದರೆ, ಮೈ ಮತ್ತು ಷಾಫ್ಟು ಗಟ್ಟಿಯಿದ್ದರೆ, ಖರ್ಚು ಹೊಸ ಮೋಟಾರಿನ ಅರ್ಧ ಬೆಲೆಯೊಳಗಿದ್ದರೆ, ಮರು ವೈಂಡಿಂಗ್ ಮಾಡಿಸಬಹುದು. ಆಗ ಮೂರು ಮಾತನ್ನು ಅಂಗಡಿಯವರಿಗೆ ಸ್ಪಷ್ಟವಾಗಿ ಹೇಳಬೇಕು: ಹಳೆಯ ತಂತಿಯ ಗೇಜು ಮತ್ತು ಸುತ್ತುಗಳ ಲೆಕ್ಕ ಬದಲಾಗಬಾರದು, ತಾಮ್ರವಿದ್ದ ಕಡೆ ತಾಮ್ರವೇ ಬೇಕು, ಹಳೆಯ ವೈಂಡಿಂಗನ್ನು ಬೆಂಕಿಗೆ ಹಾಕಿ ಸುಡಬಾರದು. ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಕಬ್ಬಿಣದ ತಗಡುಗಳ ನಡುವಿನ ತೆಳುವಾದ ಲೇಪ ಹೋಗಿ, ಮೋಟಾರು ಮುಂದೆ ಹೊರೆಯಿಲ್ಲದೆಯೂ ಕಾಯುತ್ತದೆ.

ಹೊಸದು ಕೊಳ್ಳಬೇಕಾದಾಗ

ಎರಡನೆಯ ಬಾರಿ ವೈಂಡಿಂಗು ಸುಟ್ಟಿದ್ದರೆ, ಬೇರಿಂಗು ಕೂರುವ ಮನೆ ಸವೆದು ಹೊಸ ಬೇರಿಂಗೂ ಅಲುಗಾಡಿದರೆ, ಷಾಫ್ಟು ಬಾಗಿದರೆ, ಆ ಮೋಟಾರಿಗೆ ವಿಶ್ರಾಂತಿ ಕೊಡುವುದೇ ಲೇಸು. ಅಂಗಡಿಗೆ ಹೋಗಿ ‘ಎರಡು ಎಚ್‌ಪಿ ಕೊಡಿ’ ಎಂದರೆ ಮಾತ್ರ ಸಾಲದು. ಹಳೆಯ ನೇಮ್‌ಪ್ಲೇಟಿನ ವೇಗ, ವೋಲ್ಟೇಜು, ಫೇಸು, ಫ್ರೇಮಿನ ಸಂಖ್ಯೆ ಎಲ್ಲವೂ ಬೇಕು.

ಅತಿ ಮುಖ್ಯವಾದದ್ದು ವೇಗ. ಮೋಟಾರಿನ ಪುಲ್ಲಿ 4 ಅಂಗುಲ, ಫ್ಯಾನಿನದು 8 ಅಂಗುಲ, ಮೋಟಾರಿನ ವೇಗ ನಿಮಿಷಕ್ಕೆ 1440 ಸುತ್ತು ಎಂದಿಟ್ಟುಕೊಳ್ಳಿ. ಫ್ಯಾನು 720 ಸುತ್ತು ತಿರುಗುತ್ತದೆ. ಅದೇ ಪುಲ್ಲಿಗೆ 2880 ಸುತ್ತಿನ ಮೋಟಾರು ಹಾಕಿದರೆ ಫ್ಯಾನು 1440 ಸುತ್ತು ತಿರುಗಬೇಕಾಗುತ್ತದೆ. ಫ್ಯಾನಿನ ಹೊರೆ ವೇಗದ ಘನದಂತೆ ಏರುವುದರಿಂದ ವೇಗ ಎರಡು ಪಟ್ಟಾದರೆ ಹೊರೆ ಎಂಟು ಪಟ್ಟು. ಮೋಟಾರು ಉಳಿಯದು, ಫ್ಯಾನಿನ ರೆಕ್ಕೆ ಕಿತ್ತು ಬಂದು ಜನರಿಗೂ ಅಪಾಯ. ಇನ್ನು 960 ಸುತ್ತಿನದು ಹಾಕಿದರೆ ಗಾಳಿ ಮೂರರಲ್ಲಿ ಎರಡು ಪಾಲಿಗೆ ಇಳಿದು, ಮಾಲು ಒಣಗದು.

ಫ್ರೇಮಿನ ಸಂಖ್ಯೆಯೆಂದರೆ ಪಾದದಿಂದ ಷಾಫ್ಟಿನ ಮಧ್ಯದವರೆಗಿನ ಎತ್ತರ, ಮಿಲಿಮೀಟರಿನಲ್ಲಿ. 1440 ಸುತ್ತಿನ 2 ಅಶ್ವಶಕ್ತಿಯ ಮೂರು ಫೇಸಿನ ಮೋಟಾರಿಗೆ ಈಗ 90ರ ಫ್ರೇಮು, 24 ಮಿಲಿಮೀಟರಿನ ಷಾಫ್ಟು ಸಾಮಾನ್ಯ. ಬಹಳ ಹಳೆಯವುಗಳ ಅಳತೆ ಬೇರೆಯಿರಬಹುದು. ಹಳೆಯ ಪುಲ್ಲಿ ಹೊಸ ಷಾಫ್ಟಿಗೆ ಕೂರುವುದೇ, ಬೋಲ್ಟಿನ ತೂತುಗಳು ಸೇರುವವೇ ಎಂದು ಅಳೆದುಕೊಂಡೇ ಹೋಗಿ.

ಹೊಸ ಮೋಟಾರು ಕರೆಂಟು ಉಳಿಸಿ ತನ್ನ ಬೆಲೆಯನ್ನು ತಾನೇ ತೀರಿಸುತ್ತದೆಂದು ಮಾರುವವರು ಹೇಳುವುದುಂಟು. ಲೆಕ್ಕ ಹಾಕಿ ನೋಡೋಣ. 1.5 ಕಿಲೋವಾಟ್, ಅಂದರೆ 2 ಅಶ್ವಶಕ್ತಿಯ 1440 ಸುತ್ತಿನ ಮೋಟಾರಿಗೆ ಐಇ-1 ದರ್ಜೆಯ ದಕ್ಷತೆ ಶೇಕಡಾ 77.2, ಐಇ-3 ದರ್ಜೆಯದು 85.3. ಪೂರ್ಣ ಹೊರೆಯಲ್ಲಿ ಗಂಟೆಗೆ ಉಳಿಯುವುದು ಸುಮಾರು 0.18 ಯೂನಿಟ್. ದಿನಕ್ಕೆ 20 ಗಂಟೆಯಂತೆ 40 ದಿನ ಓಡಿಸಿದರೆ ವರ್ಷಕ್ಕೆ ಸುಮಾರು 150 ಯೂನಿಟ್. ಅದನ್ನು ನಿಮ್ಮ ಬಿಲ್ಲಿನ ದರದಿಂದ ಗುಣಿಸಿ ನೋಡಿ. ವರ್ಷವೆಲ್ಲ ಓಡುವ ಕಾರ್ಖಾನೆಗೆ ಈ ಮಾತು ಸರಿ; ನಮ್ಮ ಡ್ರೈಯರಿಗೆ ಅಷ್ಟಾಗಿ ಹೊಂದದು. ನಾವು ಹೊಸ ಮೋಟಾರಿಗೆ ಹಣ ಕೊಡುವುದು ಯೂನಿಟ್ ಉಳಿಸಲಿಕ್ಕಲ್ಲ, ಕೊಯ್ಲಿನ ನಲವತ್ತು ದಿನ ನೆಮ್ಮದಿಯಿಂದ ನಿದ್ದೆ ಮಾಡಲಿಕ್ಕೆ. ಹೇಗೂ ಕೊಳ್ಳುವಾಗ ಐಎಸ್‌ಐ ಗುರುತಿರುವ, ಒಳ್ಳೆಯ ದರ್ಜೆಯದನ್ನೇ ಕೊಳ್ಳಿ.

ಜೀವದ ಮಾತು

ಡ್ರೈಯರಿನ ಸುತ್ತ ನೆಲ ಒದ್ದೆ, ಕೆಲಸದವರ ಕಾಲು ಬರಿಗಾಲು. ಮೂರು ಫೇಸಿನ ಮೋಟಾರಿನ ಮೈಗೆ ಎರಡು ಪ್ರತ್ಯೇಕ ಅರ್ಥಿಂಗ್ ತಂತಿ ಇರಲೇಬೇಕು. ಸೋರಿಕೆ ಕಂಡೊಡನೆ ಲೈನು ಕಡಿಯುವ 30 ಮಿಲಿಆಂಪಿಯರಿನ ಸಾಧನವನ್ನೂ ಹಾಕಿಸಿ. ‘ಸ್ವಲ್ಪ ಜುಮ್ಮೆನ್ನುತ್ತದೆ, ಪರವಾಗಿಲ್ಲ’ ಎಂದು ಓಡಿಸುವ ಮೋಟಾರು ಯಾರದೋ ಮನೆಯ ದೀಪ ಆರಿಸೀತು.

ಕರೆಂಟು ಹೋಗಿ ಫ್ಯಾನು ನಿಂತರೆ ತಕ್ಷಣ ಒಲೆಯ ಸೌದೆಯನ್ನು ಹೊರಗೆಳೆದು, ಡ್ರೈಯರಿನ ಬಾಗಿಲು ತೆರೆಯಿರಿ. ಕೆಂಪಗೆ ಕಾದ ಒಲೆಗೆ ನೀರು ಎರಚಬೇಡಿ, ಕಬ್ಬಿಣ ಬಿರಿಯುತ್ತದೆ. ಜನರೇಟರು ನಂಬಿದವರು ಒಂದು ಮಾತು ನೆನಪಿಡಬೇಕು: ಮೋಟಾರು ಹೊರಡುವಾಗ ಆರು ಪಟ್ಟಿನಷ್ಟು ಕರೆಂಟು ಎಳೆಯುತ್ತದೆ. ಓಡುವ ಹೊರೆ ಹೊರುವ ಜನರೇಟರು ಅದನ್ನು ಹೊರಡಿಸಲಾರದೆ ಹೋಗಬಹುದು. ಕೊಯ್ಲಿಗೆ ಮುಂಚೆಯೇ ಒಮ್ಮೆ ಪರೀಕ್ಷಿಸಿ.

ಊರಿಗೊಂದು ಕಾದಿರುವ ಮೋಟಾರು

ಪ್ರತಿಯೊಬ್ಬರೂ ಹೆಚ್ಚುವರಿ ಮೋಟಾರು ಇಟ್ಟುಕೊಳ್ಳುವುದು ಸಣ್ಣ ಬೆಳೆಗಾರರಿಗೆ ಆಗದ ಮಾತು. ಆದರೆ ಒಂದೇ ವೇಗ, ಒಂದೇ ಫ್ರೇಮಿನ ಮೋಟಾರಿರುವ ಐದಾರು ಮನೆಯವರು ಸೇರಿ ಒಂದನ್ನು ಕಾಯ್ದಿರಿಸಿದರೆ, ರಾತ್ರಿ ಕೆಟ್ಟದ್ದನ್ನು ಬೆಳಿಗ್ಗೆಯೊಳಗೆ ಬದಲಿಸಬಹುದು. ಹೊಸದು ಕೊಂಡವರ ಹಳೆಯ ಮೋಟಾರು ಇನ್ನೂ ಓಡುವಂತಿದ್ದರೆ ಅದನ್ನು ಗುಜರಿಗೆ ಹಾಕದೆ ಈ ಕೆಲಸಕ್ಕೆ ಕೊಡಬಹುದು. ಸಹಕಾರ ಎಂಬ ಮಾತಿಗೆ ಇದಕ್ಕಿಂತ ಹತ್ತಿರದ ಅರ್ಥ ನಮಗೆ ತೋಚುವುದಿಲ್ಲ.

ಸದಸ್ಯರು ತಮ್ಮ ಡ್ರೈಯರಿನ ಮೋಟಾರಿನ ಅಶ್ವಶಕ್ತಿ, ವೇಗ, ಫೇಸು, ಫ್ರೇಮು, ಷಾಫ್ಟಿನ ವ್ಯಾಸ, ಬೇರಿಂಗಿನ ಸಂಖ್ಯೆ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಸಂಘದ ಕಛೇರಿಗೆ ತಲುಪಿಸಬೇಕಾಗಿ ಕೋರುತ್ತೇವೆ. ಯಾವ ಊರಿನಲ್ಲಿ ಯಾರದು ಯಾರದಕ್ಕೆ ಹೊಂದುತ್ತದೆಂದು ಪಟ್ಟಿ ಮಾಡಿ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ನೇಮ್‌ಪ್ಲೇಟು ಬಣ್ಣದಿಂದ ಮುಚ್ಚಿಹೋಗಿದ್ದರೆ ಸೀಮೆಎಣ್ಣೆ ಬಟ್ಟೆಯಿಂದ ಮೆಲ್ಲನೆ ಒರೆಸಿ ನೋಡಿ. ಕೆರೆದರೆ ಅಕ್ಷರವೂ ಹೋಗುತ್ತದೆ.

— ಕಾರ್ಯದರ್ಶಿ